ಚೀಲದೊಳಗೆ ಮುಷ್ಟಿ: ವಿನ್ಸೆಂಟ್ ದೆ ಪೌಲ್ ಸಭೆ ಮಾಡುವ ಕೆಲಸ ಏನು?

ನಾನು ಮಂಗಳೂರಿನ ಒಂದು ಚರ್ಚಿನ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯ. ಊರಲ್ಲಿ ಜಾಸ್ತಿ ಜನ ಎಸ್.ವಿ.ಪಿ. ಎಂದೇ ಕರೆಯುತ್ತಾರೆ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಪಕ್ಕದ ಚಿಕ್ಕ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಸೇರುತ್ತೇವಲ್ಲ, ಅದು. ಕೆಲಸದ ಜಾಗದಲ್ಲಿ ಗೆಳೆಯರು ಕೇಳುವುದುಂಟು: "ನೀವು ಅಕ್ಕಿ ಹಂಚುವವರಲ್ವಾ?" ಹೌದು ಎಂದರೂ ಸರಿಯಾಗುವುದಿಲ್ಲ, ಅಲ್ಲ ಎಂದರೂ ಸರಿಯಾಗುವುದಿಲ್ಲ. ಅಕ್ಕಿ ಕೊಡುತ್ತೇವೆ, ನಿಜ. ಆದರೆ ಅಕ್ಕಿ ಒಂದು ನೆಪ.

ಕಷ್ಟದಲ್ಲಿರುವವರನ್ನು ನಮ್ಮ ಬಾಗಿಲಿಗೆ ಕರೆಸದೆ ನಾವೇ ಅವರ ಮನೆಗೆ ಹೋಗಿ ಕೂರುವುದು. ಕೆಲಸ ಇಷ್ಟೇ. ಕೇಳಲು ಸುಲಭ. ಆದರೆ ಸಭೆಯ ಉಳಿದ ಎಲ್ಲ ರೂಢಿಗಳೂ, ಹೊರಗಿನವರಿಗೆ ವಿಚಿತ್ರ ಅನಿಸುವ ಆ ಬಟ್ಟೆ ಚೀಲವೂ ಸೇರಿ, ಇದರಿಂದಲೇ ಹುಟ್ಟಿದವು. ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ವಿನ್ಸೆಂಟ್ ದೆ ಪೌಲ್ ಫ್ರಾನ್ಸಿನ ಒಬ್ಬ ಪಾದ್ರಿ. ಹುಟ್ಟಿದ್ದು 1581ರಲ್ಲಿ, ರೈತರ ಮನೆಯಲ್ಲಿ. 1617ರಲ್ಲಿ ಶಾತಿಯೋಂ ಎಂಬ ಸಣ್ಣ ಊರಿನ ಚರ್ಚಿನಲ್ಲಿದ್ದಾಗ ಒಂದು ಸುದ್ದಿ ಬಂತು. ಊರಿನ ಹೊರಗೆ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡಿಕೊಳ್ಳಲು ಒಬ್ಬರೂ ಇಲ್ಲ. ಅಂದಿನ ಪ್ರವಚನದಲ್ಲಿ ಅವರು ಇದನ್ನು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಆ ಮನೆಯ ದಾರಿ ತುಂಬಾ ಜನ. ಒಬ್ಬರ ಕೈಯಲ್ಲಿ ರೊಟ್ಟಿ, ಇನ್ನೊಬ್ಬರ ಕೈಯಲ್ಲಿ ಮಾಂಸ. ಎಲ್ಲರ ಮನಸ್ಸೂ ಒಳ್ಳೆಯದೇ. ಆದರೆ ವಿನ್ಸೆಂಟರಿಗೆ ಒಂದು ವಿಷಯ ಹೊಳೆಯಿತು: ಇವತ್ತು ಬಂದು ಬಿದ್ದ ಊಟ ನಾಳೆ ಹಳಸುತ್ತದೆ, ನಾಡಿದ್ದು ಆ ಮನೆಯವರು ಮತ್ತೆ ಹಸಿದಿರುತ್ತಾರೆ. ಕೊಡುವವರಿಗೇನೂ ಕೊರತೆ ಇಲ್ಲ, ಕೊಡುವುದಕ್ಕೊಂದು ಕ್ರಮ ಇಲ್ಲ. ಅವರು ಊರಿನ ಹೆಂಗಸರನ್ನು ಸೇರಿಸಿ ಸರದಿ ಮಾಡಿದರು. ಇವತ್ತು ಇವರು, ನಾಳೆ ಅವರು.

ಈ ಕತೆ ನಾಲ್ಕುನೂರು ವರ್ಷ ಹಳೆಯದು ಅಂತ ನನಗೆ ಅನಿಸುವುದೇ ಇಲ್ಲ. 2020ರ ಲಾಕ್‌ಡೌನ್ ನೆನಪಿದೆಯಲ್ಲ? ಮುಖ್ಯ ರಸ್ತೆಯ ಪಕ್ಕದ ಮನೆಗಳಿಗೆ ಐದೈದು ಕಿಟ್ ಬಂದವು. ಗುಡ್ಡದ ಮೇಲೆ, ಕಾರು ಹೋಗದ ಓಣಿಯ ಕೊನೆಯಲ್ಲಿ ಇರುವ ಮನೆಗೆ ಒಂದೂ ಇಲ್ಲ. ವಾಟ್ಸಾಪಿನಲ್ಲಿ ಒಂದು ಮಗುವಿನ ಫೋಟೋ ಹರಿದಾಡಿದರೆ ಒಂದೇ ದಿನಕ್ಕೆ ಹಣ ಸುರಿಯುತ್ತದೆ, ಮೂರು ತಿಂಗಳ ನಂತರ ಅದೇ ಮಗುವಿನ ಔಷಧಿಗೆ ಕೇಳುವವರಿಲ್ಲ. ಶಾತಿಯೋಂನಲ್ಲಿ ಆದದ್ದೂ ಅದೇ ಅಲ್ವಾ?

ಇಲ್ಲೊಂದು ತಪ್ಪು ತಿಳುವಳಿಕೆ ಇದೆ. ನಮ್ಮ ಸಭೆಯನ್ನು ಶುರು ಮಾಡಿದ್ದು ವಿನ್ಸೆಂಟ್ ಅಲ್ಲ. ಅವರು 1660ರಲ್ಲೇ ತೀರಿಕೊಂಡರು. ಸಭೆ ಹುಟ್ಟಿದ್ದು 1833ರ ಏಪ್ರಿಲ್ 23ರಂದು, ಪ್ಯಾರಿಸ್‌ನಲ್ಲಿ. ಹುಟ್ಟಿಸಿದವರು ಕಾಲೇಜು ಹುಡುಗರು. ಅವರಲ್ಲಿ ಫ್ರೆಡರಿಕ್ ಓಝಾನಾಂ ಎಂಬವನಿಗೆ ಅವತ್ತಿಗೆ ಸರಿಯಾಗಿ ಇಪ್ಪತ್ತು ವರ್ಷ ತುಂಬಿತ್ತು. ಅದಕ್ಕೆ ಒಂದು ವರ್ಷ ಮೊದಲು ಪ್ಯಾರಿಸ್‌ನಲ್ಲಿ ಕಾಲರಾ ಬಂದು ಸಾವಿರಗಟ್ಟಲೆ ಜನ ಸತ್ತಿದ್ದರು. ಈ ಹುಡುಗರು ವಾರಕ್ಕೊಮ್ಮೆ ಸೇರಿ ಇತಿಹಾಸ, ಧರ್ಮ ಅಂತ ಜೋರಾಗಿ ಚರ್ಚೆ ಮಾಡುತ್ತಿದ್ದರು. ಆ ಕೂಟಕ್ಕೆ ಕಾನ್ಫರೆನ್ಸ್ ಎಂದು ಹೆಸರು. ಒಂದು ದಿನ ಎದುರು ಪಕ್ಷದವನೊಬ್ಬ ಕೇಳಿದ: ಹಿಂದೆ ನಿಮ್ಮ ಧರ್ಮ ದೊಡ್ಡ ಕೆಲಸ ಮಾಡಿರಬಹುದು, ಈಗ ನೀವು ಏನು ಮಾಡುತ್ತಿದ್ದೀರಿ? ಓಝಾನಾಂಗೆ ಉತ್ತರ ಹೊಳೆಯಲಿಲ್ಲ. ಆ ದಿನಗಳಲ್ಲೇ ಅವನೂ ಗೆಳೆಯನೊಬ್ಬನೂ ತಮ್ಮ ಕೋಣೆಯಲ್ಲಿ ಉಳಿದಿದ್ದ ಸೌದೆಯನ್ನು ಒಬ್ಬ ಬಡವನಿಗೆ ಕೊಂಡುಹೋಗಿ ಕೊಟ್ಟರು. ಚಳಿಗೆ ಸೌದೆ. ಉತ್ತರ ಅಲ್ಲಿಂದ ಶುರುವಾಯಿತು.

ಆರು ವಿದ್ಯಾರ್ಥಿಗಳು, ಜೊತೆಗೆ ಪತ್ರಿಕೆ ನಡೆಸುತ್ತಿದ್ದ ಎಮ್ಯಾನ್ಯುಯೆಲ್ ಬಾಯಿ ಎಂಬ ಹಿರಿಯರು, ಒಟ್ಟು ಏಳು ಜನ. ಬಡವರ ಮನೆಗೆ ಹೋಗುವುದು ಹೇಗೆ ಎಂದು ಈ ಹುಡುಗರಿಗೆ ಗೊತ್ತಿರಲಿಲ್ಲ. ಹೇಳಿಕೊಟ್ಟವರು ಸಿಸ್ಟರ್ ರೊಸಾಲಿ ರಾಂದ್ಯು. ಪ್ಯಾರಿಸ್‌ನ ಬಡವರ ಕೇರಿಯಲ್ಲಿ ಅವರು ಎಷ್ಟೋ ವರ್ಷಗಳಿಂದ ಮನೆಮನೆ ಸುತ್ತುತ್ತಿದ್ದರು. ಯಾವ ಮನೆಗೆ ಹೋಗಬೇಕು, ಹೋದಾಗ ಹೇಗೆ ಮಾತಾಡಬೇಕು ಎಂಬುದನ್ನು ಹುಡುಗರು ಅವರಿಂದ ಕಲಿತರು. ಈಗಲೂ ನಮ್ಮ ಊರಿನ ಘಟಕಕ್ಕೆ ಕಾನ್ಫರೆನ್ಸ್ ಎಂಬ ಹೆಸರೇ ಉಳಿದಿದೆ. ದೊಡ್ಡ ಹಾಲ್, ಮೈಕ್, ಬ್ಯಾಡ್ಜ್ ಅಂತ ಯಾರೂ ಕಲ್ಪಿಸಿಕೊಳ್ಳಬೇಡಿ. ಹತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು, ಒಂದು ಶಿಲುಬೆ, ಒಂದು ವರದಿ ಪುಸ್ತಕ.

ಸಭೆ ನಡೆಸುವವರು ಪಾದ್ರಿಗಳಲ್ಲ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಫಾದರ್ ಇರುತ್ತಾರೆ, ಆಧ್ಯಾತ್ಮಿಕ ಸಲಹೆಗಾರರಾಗಿ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲ ನಮ್ಮ ನಿಮ್ಮಂಥವರು. ನಮ್ಮಲ್ಲಿ ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬರು ಟೈಲರ್, ಒಬ್ಬರು ಕುವೈತಿನಿಂದ ಊರಿಗೆ ಮರಳಿದವರು, ಇಬ್ಬರು ಟೀಚರ್. ಮೊದಲು ಇದು ಗಂಡಸರದ್ದೇ ಸಭೆಯಾಗಿತ್ತು. ಹೆಂಗಸರು 1856ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ತಮ್ಮದೇ ಸಭೆ ಕಟ್ಟಿಕೊಂಡರು. ಎರಡೂ ಒಂದಾಗಿದ್ದು 1967ರಲ್ಲಿ. ಅಷ್ಟು ತಡ ಯಾಕೆ ಆಯಿತೋ! ನಮ್ಮ ಕಾನ್ಫರೆನ್ಸಿನಲ್ಲಿ ಮನೆಭೇಟಿಯ ಅರ್ಧಕ್ಕಿಂತ ಜಾಸ್ತಿ ಕೆಲಸ ಹೆಂಗಸರೇ ಮಾಡುತ್ತಾರೆ.

ಮೇಲಿನ ಹಂತಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಲವು ಕಾನ್ಫರೆನ್ಸ್ ಸೇರಿ ಒಂದು ಕೌನ್ಸಿಲ್, ಅದರ ಮೇಲೆ ಕೇಂದ್ರ ಕೌನ್ಸಿಲ್, ಆಮೇಲೆ ದೇಶದ್ದು, ಕೊನೆಗೆ ಪ್ಯಾರಿಸ್. ಟ್ವಿನ್ನಿಂಗ್ ಎಂಬ ಒಂದು ರೂಢಿಯೂ ಇದೆ. ಒಂದು ದೇಶದ ಕಾನ್ಫರೆನ್ಸು ಇನ್ನೊಂದು ದೇಶದ ಕಾನ್ಫರೆನ್ಸಿನ ಜೊತೆ ಜೋಡಿಯಾಗಿ ಪತ್ರ ಬರೆಯುತ್ತದೆ, ಆದಷ್ಟು ಸಹಾಯ ಮಾಡುತ್ತದೆ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುತ್ತಾರೆ.

ಈಗ ಚೀಲದ ವಿಷಯ.

ಸಭೆ ಪ್ರಾರ್ಥನೆಯಿಂದ ಶುರು. ಒಂದು ಸಣ್ಣ ಓದು. ಹೋದ ವಾರದ ವರದಿ. ಆಮೇಲೆ ಯಾರು ಯಾವ ಮನೆಗೆ ಹೋಗಿದ್ದರು, ಏನು ಕಂಡಿತು, ಈಗ ಏನು ಬೇಕು ಎಂಬ ಮಾತು. ಕೊನೆಗೆ ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಸುತ್ತುತ್ತದೆ. ನಮ್ಮದು ಕಂದು ಬಣ್ಣದ್ದು, ಬಾಯಿ ಕಿರಿದು, ಮೊಣಕೈಯವರೆಗೂ ಕೈ ಹೋಗುವಷ್ಟು ಆಳ. ಟೈಲರ್ ಅಣ್ಣನೇ ಹೊಲಿದದ್ದು. ಪ್ರತಿಯೊಬ್ಬರೂ ಮುಷ್ಟಿ ಬಿಗಿಹಿಡಿದು ಒಳಗೆ ಹಾಕಬೇಕು, ಒಳಗೆ ಬಿಡಿಸಬೇಕು, ಮತ್ತೆ ಮುಷ್ಟಿ ಹಿಡಿದೇ ಹೊರಗೆ ತೆಗೆಯಬೇಕು. ಐನೂರು ಹಾಕಿದರೂ ಅದೇ ಮುಷ್ಟಿ, ಹತ್ತು ಹಾಕಿದರೂ ಅದೇ ಮುಷ್ಟಿ. ಏನೂ ಹಾಕದೆ ಖಾಲಿ ಕೈ ತೆಗೆದರೂ ಅದೇ ಮುಷ್ಟಿ. ಖಜಾಂಚಿ ಒಟ್ಟು ಮೊತ್ತ ಎಣಿಸಿ ಬರೆಯುತ್ತಾರೆ, ಅಷ್ಟೇ.

ಇದನ್ನು ಗುಪ್ತ ಕಾಣಿಕೆ ಎನ್ನುತ್ತೇವೆ. ಮೊದಮೊದಲು ನನಗೆ ಇದು ಸುಮ್ನೆ ಒಂದು ಹಳೆಯ ಆಚಾರ ಅನಿಸಿತ್ತು. ಆಮೇಲೆ ನನ್ನ ಕೆಲಸ ಹೋಗಿ ನಾಲ್ಕು ತಿಂಗಳು ಮನೆಯಲ್ಲಿ ಕೂತಿದ್ದೆ. ಆ ನಾಲ್ಕು ತಿಂಗಳೂ ಸಭೆಗೆ ಹೋದೆ, ಚೀಲದೊಳಗೆ ಖಾಲಿ ಮುಷ್ಟಿ ಹಾಕಿ ತೆಗೆದೆ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗಲಿಲ್ಲ. ಎಲ್ಲರ ಮುಂದೆ ರಸೀದಿ ಬರೆದು ಕೊಡುವ ಪದ್ಧತಿ ಇದ್ದಿದ್ದರೆ ಖಂಡಿತ ನಾನು ಸಭೆ ಬಿಟ್ಟುಬಿಡುತ್ತಿದ್ದೆ. ಹಣವಿಲ್ಲದವನೂ ಸದಸ್ಯನಾಗಿ ಉಳಿಯಬೇಕು, ಇದ್ದವನು ಇದ್ದದ್ದಕ್ಕೆ ದೊಡ್ಡವನಾಗಬಾರದು. ಚೀಲದ ಬಾಯಿ ಕಿರಿದಾಗಿರುವುದು ಅದಕ್ಕೇ.

ಬರೀ ಚೀಲದಿಂದ ಎಲ್ಲ ನಡೆಯುವುದಿಲ್ಲ. ಚರ್ಚಿನ ಬಾಗಿಲ ಬಳಿ ಬಡವರ ಪೆಟ್ಟಿಗೆ ಇರುತ್ತದೆ. ಮನೆಯಲ್ಲಿ ಮದುವೆ, ನಾಮಕರಣ, ತೀರಿಹೋದವರ ವರ್ಷದ ಪೂಜೆ ಇದ್ದಾಗ ಕೆಲವರು ಬಂದು ಕೊಡುತ್ತಾರೆ. ನಮ್ಮಲ್ಲಿ ಹಳೆಯ ಪೇಪರ್ ಒಟ್ಟುಮಾಡಿ ಮಾರುವುದೂ ಇದೆ. ಈಸ್ಟರ್ ಹಬ್ಬಕ್ಕೆ ಮೊದಲು ಬರುವ ತಪಸ್ಸಿನ ಕಾಲದ ನಲವತ್ತು ದಿನ ಮೀನು ಮಾಂಸ ಬಿಟ್ಟವರು ಉಳಿದ ಹಣವನ್ನು ಲಕೋಟೆಗೆ ಹಾಕಿ ತರುತ್ತಾರೆ. ಮೀನು ಬಿಡುವುದು ನಮ್ಮ ಕರಾವಳಿಯವರಿಗೆ ಎಷ್ಟು ಕಷ್ಟ ಎಂದು ಇಲ್ಲಿನವರಿಗೆ ಬೇರೆ ಹೇಳಬೇಕಾಗಿಲ್ಲ.

ಮನೆಭೇಟಿಗೆ ಯಾವಾಗಲೂ ಇಬ್ಬರು ಹೋಗುತ್ತೇವೆ. ಒಬ್ಬರೇ ಹೋದರೆ ಕಂಡದ್ದು ಒಬ್ಬರ ಕಣ್ಣಿಗೆ ಮಾತ್ರ. ನಾಲ್ಕೈದು ಜನ ಹೋದರೆ ಮೆರವಣಿಗೆ, ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬರುತ್ತಾರೆ. ಇಬ್ಬರು ಹೋದರೆ ನೆಂಟರು ಬಂದ ಹಾಗೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿದ್ದು ನೋಡಬಹುದು: ಮಾಡಿನ ಹಂಚು ಒಡೆದಿದೆಯೇ, ಒಲೆ ಉರಿದಿದೆಯೇ, ಮಗು ಶಾಲೆಗೆ ಹೋಗಿದೆಯೇ.

ನನ್ನ ಮೊದಲ ಭೇಟಿ ಒಬ್ಬ ಅಜ್ಜಿಯ ಮನೆಗೆ. ತುಳು ಮಾತಾಡುವವರು, ನಮ್ಮ ಚರ್ಚಿನವರಲ್ಲ. ಹತ್ತು ಕಿಲೋ ಕುಚ್ಚಲಕ್ಕಿ ಹೆಗಲ ಮೇಲಿಟ್ಟುಕೊಂಡು ಹೋಗಿದ್ದೆ. ಅಜ್ಜಿ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆಗೆ ಹೊಗೆಸೊಪ್ಪು ಹಾಕಿ, ಸುರುಳಿ ಸುತ್ತಿ, ತುದಿ ಮಡಚಿ, ದಾರ ಸುತ್ತಿ ಬಿಡುವುದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತಿತ್ತು. ನಮ್ಮ ಮುಖ ನೋಡಿದರು, ಕೈ ಮಾತ್ರ ನಿಲ್ಲಿಸಲಿಲ್ಲ. ಅಕ್ಕಿ ಇಳಿಸಿ ಹೊರಡೋಣ ಎಂದು ನಾನು ಎದ್ದೆ. ಜೊತೆಗಿದ್ದ ಹಿರಿಯರು ಎದ್ದೇಳಲಿಲ್ಲ. ಹೊಸಿಲ ಪಕ್ಕದಲ್ಲಿ ಕೂತು ಮಳೆಯ ಬಗ್ಗೆ, ಹೋದ ವರ್ಷ ಬಿದ್ದ ಹಲಸಿನ ಮರದ ಬಗ್ಗೆ ಮಾತಾಡಿದರು. ಅರ್ಧ ಗಂಟೆ ಆದ ಮೇಲೆ ಅಜ್ಜಿ ತಾವಾಗಿಯೇ ಹೇಳಿದರು: ಅಕ್ಕಿ ರೇಷನ್‌ನಲ್ಲಿ ಬರುತ್ತದೆ ಮಗಾ, ಪಿಂಚಣಿ ಬರುವುದು ನಿಂತು ಏಳು ತಿಂಗಳಾಯಿತು.

ವಿಚಾರಿಸಿದಾಗ ಗೊತ್ತಾಯಿತು. ವರ್ಷಗಟ್ಟಲೆ ಬೀಡಿ ಕಟ್ಟಿ ಬೆರಳಿನ ಗೆರೆ ಸವೆದಿತ್ತು. ಯಂತ್ರದ ಮೇಲೆ ಬೆರಳಿಟ್ಟರೆ ಅದು ಒಪ್ಪುತ್ತಿರಲಿಲ್ಲ. ಎರಡು ಸಲ ಹೋಗಿ ಬಂದು ಅಜ್ಜಿ ಕೈಬಿಟ್ಟಿದ್ದರು. ಕಣ್ಣಿನ ಗುರುತು ತೆಗೆಯುವ ವ್ಯವಸ್ಥೆ ಇದ್ದ ಕಡೆಗೆ ರಿಕ್ಷಾದಲ್ಲಿ ಕರೆದುಕೊಂಡು ಹೋದೆವು. ಮೂರು ಸಲ ಹೋಗಬೇಕಾಯಿತು. ಪಿಂಚಣಿ ಮತ್ತೆ ಶುರುವಾಯಿತು. ನಮಗೆ ಖರ್ಚಾದದ್ದು ರಿಕ್ಷಾ ಬಾಡಿಗೆ ಮಾತ್ರ. ಹತ್ತು ಕಿಲೋ ಅಕ್ಕಿ ಇಳಿಸಿ ಫೋಟೋ ತೆಗೆದು ಬಂದಿದ್ದರೆ ಇದು ನಮಗೆ ಯಾವತ್ತಿಗೂ ಗೊತ್ತಾಗುತ್ತಿರಲಿಲ್ಲ.

ಫೋಟೋ ಎಂದೆನಲ್ಲ, ಅದನ್ನೂ ಹೇಳಬೇಕು. ಒಮ್ಮೆ ಶಾಲೆ ಶುರುವಾಗುವ ಹೊತ್ತಿಗೆ ಮಕ್ಕಳಿಗೆ ಬ್ಯಾಗು, ಪುಸ್ತಕ ಕೊಟ್ಟೆವು. ಅದರ ಫೋಟೋವನ್ನು ನಾನು ಒಂದು ಗ್ರೂಪಿಗೆ ಹಾಕಿದೆ. ಒಳ್ಳೆಯ ಕೆಲಸ, ಎಲ್ಲರೂ ನೋಡಲಿ ಅಂತ. ಅದು ಎಲ್ಲೆಲ್ಲೋ ಹೋಗಿ ಒಂದು ಹುಡುಗಿಯ ತರಗತಿಯವರ ಕೈಗೂ ಸಿಕ್ಕಿತು. ಆ ಹುಡುಗಿ ಆ ಬ್ಯಾಗನ್ನು ಶಾಲೆಗೆ ಒಯ್ಯುವುದನ್ನೇ ಬಿಟ್ಟಳು. ಅವಳ ಅಮ್ಮ ನನ್ನನ್ನು ಬೈಯಲಿಲ್ಲ. ಬ್ಯಾಗು ಗೋಡೆಯ ಮೊಳೆಗೆ ನೇತುಹಾಕಿದ್ದು ಮಾತ್ರ ಮುಂದಿನ ಭೇಟಿಯಲ್ಲಿ ಕಂಡಿತು. ಅವತ್ತು ಅಲ್ಲಿ ಕೂತು ಚಾ ಕುಡಿಯುವುದು ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು. ಆವತ್ತಿನಿಂದ ನಮ್ಮಲ್ಲಿ ಫೋಟೋ ಇಲ್ಲ. ವರದಿ ಪುಸ್ತಕದಲ್ಲೂ ಮನೆಯವರ ಹೆಸರು ಬರೆಯುವುದಿಲ್ಲ, ನಂಬರ್ ಬರೆಯುತ್ತೇವೆ. ಕೊಟ್ಟವರ ಕೈ ಚೀಲದೊಳಗೆ ಅಡಗಿರುವಾಗ ತೆಗೆದುಕೊಂಡವರ ಮುಖ ಯಾಕೆ ಊರಿಗೆಲ್ಲ ಕಾಣಬೇಕು?

ಕೆಲವು ಮನೆಗಳನ್ನು ದತ್ತು ಕುಟುಂಬ ಎಂದು ತೆಗೆದುಕೊಳ್ಳುತ್ತೇವೆ. ದುಡಿಯುವವರು ಇಲ್ಲದ ಮನೆ, ಡಯಾಲಿಸಿಸ್ ನಡೆಯುತ್ತಿರುವ ಮನೆ, ಹಾಸಿಗೆ ಹಿಡಿದವರಿರುವ ಮನೆ. ತಿಂಗಳು ತಿಂಗಳು ಏನು ಬೇಕೋ ಅದು. ಮಕ್ಕಳು ಓದಿ ಕೆಲಸ ಹಿಡಿದರೆ ಆ ಮನೆಯವರೇ ಹೇಳುತ್ತಾರೆ, ಇನ್ನು ಬೇಡ, ಬೇರೆಯವರಿಗೆ ಕೊಡಿ ಅಂತ. ಆಗ ಹಣ ಕೊಡುವುದು ನಿಲ್ಲುತ್ತದೆ, ಹೋಗಿ ಬರುವುದು ನಿಲ್ಲುವುದಿಲ್ಲ. ಮಾಡಿನ ರಿಪೇರಿ, ಹೊಲಿಗೆ ಮೆಷಿನ್, ಶಾಲೆಯ ಫೀಸು, ಕೆಲವೊಮ್ಮೆ ಪೂರ್ತಿ ಮನೆ ಕಟ್ಟಿಸುವುದು ಎಲ್ಲ ಇದರಲ್ಲಿ ಬರುತ್ತದೆ.

ಮಂಗಳೂರಿನಲ್ಲಿ ಕ್ರೈಸ್ತರ ಸೇವೆ ಎಂದರೆ ಎಲ್ಲರ ಕಣ್ಣ ಮುಂದೆ ಬರುವುದು ದೊಡ್ಡ ಕಟ್ಟಡಗಳು. ಫಾದರ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡುತ್ತಾ ಶುರು ಮಾಡಿದ್ದು ಈಗ ಎಷ್ಟು ದೊಡ್ಡ ಆಸ್ಪತ್ರೆಯಾಗಿದೆ ನೋಡಿ. ಕುಷ್ಠರೋಗಿಗಳನ್ನು ಯಾರೂ ಹತ್ತಿರ ಸೇರಿಸದ ಕಾಲದಲ್ಲಿ, 1890ರಲ್ಲೇ, ಅವರು ಅಂಥವರಿಗೊಂದು ಮನೆ ಮಾಡಿದರು. ಜೆಪ್ಪುವಿನಲ್ಲಿ ಸಂತ ಅಂತೋನಿ ಆಶ್ರಮ ಇದೆ, ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುತ್ತಾರೆ. ಅವೆಲ್ಲ ಬೇಕೇ ಬೇಕು. ಆದರೆ ಆಸ್ಪತ್ರೆಗೆ ಹೋಗಬೇಕೆಂದೇ ಗೊತ್ತಿಲ್ಲದವರು, ಹೋಗಲು ಬಸ್ಸಿಗೆ ಹಣವಿಲ್ಲದವರು, ಹೋಗಲು ನಾಚುವವರು ಇರುತ್ತಾರೆ. ಅವರ ಮನೆಗೆ ಯಾರಾದರೂ ನಡೆದೇ ಹೋಗಬೇಕು.

ಅಂತೋನಿಯವರ ಹೆಸರು ಬಂದದ್ದಕ್ಕೆ ಇನ್ನೊಂದು ರೂಢಿ ಹೇಳಿಬಿಡುತ್ತೇನೆ. ಸಂತ ಅಂತೋನಿಯವರ ರೊಟ್ಟಿ ಎಂದು ಬಡವರಿಗೆ ಊಟ ಕೊಡುವ ಪದ್ಧತಿ ಇದೆ. ಅದರ ಹಿಂದೆ ಇಟಲಿಯ ಪಾದುವಾದ ಒಂದು ಕತೆ. ನೀರಿಗೆ ಬಿದ್ದ ಮಗು ಬದುಕಿದರೆ ಅದರ ತೂಕದಷ್ಟು ಧಾನ್ಯವನ್ನು ಬಡವರಿಗೆ ಕೊಡುತ್ತೇನೆ ಎಂದು ತಾಯಿ ಹರಕೆ ಹೊತ್ತಳಂತೆ. ಉಡುಪಿಯ ನನ್ನ ಗೆಳೆಯನಿಗೆ ಇದನ್ನು ಹೇಳಿದಾಗ ಅವನು ಥಟ್ಟನೆ, "ಇದು ನಮ್ಮ ತುಲಾಭಾರ ಅಲ್ವಾ!" ಎಂದ. ಹೌದು, ತಕ್ಕಡಿ ಒಂದೇ.

ಈಗ ಕೆಲವರ ಮನಸ್ಸಿನಲ್ಲಿರುವ ಪ್ರಶ್ನೆ. ಅಕ್ಕಿ ಕೊಟ್ಟು ಧರ್ಮ ಬದಲಿಸುತ್ತೀರಾ? ನನಗೆ ಇದನ್ನು ಮುಖಕ್ಕೆ ಮುಖ ಕೊಟ್ಟು ಕೇಳಿದವರಿದ್ದಾರೆ, ಕೇಳಿದ್ದಕ್ಕೆ ನನಗೆ ಬೇಸರವಿಲ್ಲ. ನೇರವಾಗಿ ಹೇಳುತ್ತೇನೆ: ಇಲ್ಲ. ಯಾರ ಧರ್ಮ, ಕುಲ, ರಾಜಕೀಯ ಯಾವುದನ್ನೂ ನೋಡದೆ ಸಹಾಯ ಮಾಡಬೇಕೆಂಬುದು ಸಭೆಯ ನಿಯಮದಲ್ಲೇ ಇದೆ. ನಾವು ಪ್ರಾರ್ಥನೆ ಮಾಡುತ್ತೇವೆ, ನಮ್ಮ ಕೋಣೆಯಲ್ಲಿ. ಕ್ರೈಸ್ತರ ಮನೆಯಲ್ಲಿ ಅವರು ಕೇಳಿದರೆ ಅಲ್ಲೂ ಮಾಡುತ್ತೇವೆ. ಬೀಡಿ ಕಟ್ಟುವ ಅಜ್ಜಿಯ ಮನೆಯಲ್ಲಿ ದೈವದ ಪಟಕ್ಕೆ ದೀಪ ಹಚ್ಚಿದ್ದರೆ ಅದು ಉರಿಯುತ್ತಲೇ ಇರುತ್ತದೆ, ನಾವು ಪಕ್ಕದಲ್ಲಿ ಕೂತು ಚಾ ಕುಡಿಯುತ್ತೇವೆ. ಸಹಾಯಕ್ಕೆ ಷರತ್ತು ಹಾಕಿದರೆ ಅದು ವ್ಯಾಪಾರವಾಗುತ್ತದೆ. ಹಾಗೆ ಮಾಡುವವರು ನಮ್ಮ ಸಭೆಯಲ್ಲಿ ಇದ್ದರೆ ಅವರ ಪಕ್ಕದಲ್ಲಿ ನಾನು ಕೂರುವುದಿಲ್ಲ.

ಇನ್ನೊಂದು ಟೀಕೆ ನನಗೆ ಹೆಚ್ಚು ನಾಟುತ್ತದೆ. ಮನೆಮನೆಗೆ ಹೋಗಿ ಸಹಾಯ ಮಾಡಿದರೆ ಬಡತನ ಹೋಗುತ್ತದೆಯೇ? ಹೋಗುವುದಿಲ್ಲ. ಓಝಾನಾಂಗೂ ಇದು ಗೊತ್ತಿತ್ತು. ಆಮೇಲೆ ಪ್ರೊಫೆಸರ್ ಆದ ಅವರು ದುಡಿಯುವವರಿಗೆ ಸರಿಯಾದ ಕೂಲಿ ಸಿಗಬೇಕೆಂದು ವಾದಿಸಿದರು. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನ ಗಾಯಕ್ಕೆ ಎಣ್ಣೆ ಹಚ್ಚುವುದು ಪ್ರೀತಿಯ ಕೆಲಸ, ಪೆಟ್ಟು ಬೀಳದಂತೆ ನೋಡಿಕೊಳ್ಳುವುದು ನ್ಯಾಯದ ಕೆಲಸ ಎಂಬ ಅರ್ಥದಲ್ಲಿ ಬರೆದರು. ಎರಡೂ ಬೇಕು. ಅಜ್ಜಿಯ ಪಿಂಚಣಿ ಸರ್ಕಾರದ್ದು, ಅವರ ಹಕ್ಕು. ನಾವು ಮಾಡಿದ್ದು ಆ ಹಕ್ಕಿಗೆ ರಿಕ್ಷಾ ಹತ್ತಿಸಿದ್ದು.

ಓಝಾನಾಂ ತೀರಿಕೊಂಡಾಗ ಬರೀ ನಲವತ್ತು ವರ್ಷ. ದಿನ 1853ರ ಸೆಪ್ಟೆಂಬರ್ 8. ಮಂಗಳೂರಿನವರಿಗೆ ಈ ತಾರೀಕು ಕಂಡ ಕೂಡಲೇ ಹೊಳೆಯುತ್ತದೆ: ಮೊಂತಿ ಫೆಸ್ತ್. ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಅರ್ಪಿಸುತ್ತಾರೆ, ಹಬ್ಬದ ದಿನ ಹೊಸ ಭತ್ತದ ತೆನೆ ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರೆ, ಮಕ್ಕಳಿಗೆ ಕಬ್ಬು ಸಿಗುತ್ತದೆ. ತೆನೆಯ ಅಕ್ಕಿ ಸುಲಿದು, ಅರೆದು, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಹಂಚಿಕೊಂಡು ಕುಡಿಯುವುದು, ಆಮೇಲೆ ಬಾಳೆ ಎಲೆಯಲ್ಲಿ ತರಕಾರಿ ಊಟ. ಆ ದಿನ ಮನೆಯವರೆಲ್ಲ ಒಟ್ಟಿಗೆ ಇರಬೇಕು. ಅದಕ್ಕೇ ಒಂಟಿಯಾಗಿರುವವರಿಗೆ ಅತಿ ಕಷ್ಟದ ದಿನವೂ ಅದೇ. ಮಕ್ಕಳು ಗಲ್ಫಿನಲ್ಲೋ ಕೆನಡಾದಲ್ಲೋ ಇದ್ದು ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ಅಮ್ಮಂದಿರಿಗೆ ಹಣದ ಕೊರತೆ ಇಲ್ಲ, ಎಲೆ ಹಾಕಿ ಎದುರು ಕೂರುವವರ ಕೊರತೆ. ಈಗೀಗ ನಮ್ಮ ಭೇಟಿಯ ಪಟ್ಟಿಯಲ್ಲಿ ಅಂಥ ಮನೆಗಳೂ ಇವೆ. ತೆನೆ ಹಿಡಿದುಕೊಂಡು ಹೋಗುತ್ತೇವೆ, ಅಲ್ಲೇ ಊಟಕ್ಕೆ ಕೂರುತ್ತೇವೆ. ಇದನ್ನು ಬಡವರ ಸೇವೆ ಎನ್ನಬಹುದೇ ಎಂದು ಸಭೆಯಲ್ಲಿ ಚರ್ಚೆಯಾಯಿತು. ಹೌದು ಎನ್ನುವವರ ಕಡೆಗೆ ನಾನಿದ್ದೆ.

ನಿಮಗೆ ಗೊತ್ತಿರುವ ಯಾವುದಾದರೂ ಮನೆ ಇದ್ದರೆ ಹತ್ತಿರದ ಕಥೋಲಿಕ ಚರ್ಚಿನ ಆಫೀಸಿನಲ್ಲಿ ಅಥವಾ ಚರ್ಚಿನ ವಾರ್ಡಿನ ಮುಖ್ಯಸ್ಥರಾದ ಗುರಿಕಾರರಲ್ಲಿ ಹೇಳಿ. ಅವರು ಚರ್ಚಿಗೆ ಸೇರಿದವರೇ ಆಗಬೇಕಿಲ್ಲ. ನೀವೇ ಕಷ್ಟದಲ್ಲಿದ್ದರೂ ಹೇಳಬಹುದು. ನಾವು ಬರುವಾಗ ಕೈಯಲ್ಲಿ ಫೈಲ್ ಇರುವುದಿಲ್ಲ, ಮೊದಲ ಸಲ ಅಕ್ಕಿ ಮೂಟೆಯೂ ಇರಲಿಕ್ಕಿಲ್ಲ. ಇಬ್ಬರು ಬಂದು ಬಾಗಿಲು ತಟ್ಟುತ್ತಾರೆ. ಕೂರಲು ಹೇಳಿ, ಚಾ ಇದ್ದರೆ ಕೊಡಿ, ಖಂಡಿತ ಕುಡಿಯುತ್ತೇವೆ.